ಮುಖ ಅಚ್ಚಿಗೆ ಕೊಡುವ ಮುನ್ನ ಪ್ರೂಫ್ ಓದಿ!



ನಾನು ದೊಡ್ಡ ಓದು ಓದಿದವನಲ್ಲ. ಪಿಯುಸಿ ಮುಗಿಸಿ ಅಪ್ಪನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೂತವನು. ಇಪ್ಪತ್ತೈದು ವರ್ಷದಿಂದ ಕೈಗೆ ಅಂಟಿದ ಮಸಿ ಇನ್ನೂ ಹೋಗಿಲ್ಲ. ಈ ಕಸುಬು ನನಗೆ ಕಲಿಸಿದ ಪಾಠ ಒಂದೇ ಒಂದು: ಪ್ರೂಫ್ ಓದದೆ ಸಹಿ ಹಾಕಬಾರದು. ಗಿರಾಕಿ ‘ಓಕೆ’ ಎಂದು ಬರೆದು ಸಹಿ ಹಾಕಿದ ಮೇಲೆ ಮೆಷಿನ್ ಓಡುತ್ತದೆ. ಸಾವಿರ ಮದುವೆ ಪತ್ರಿಕೆಯಲ್ಲಿ ಹುಡುಗಿಯ ಹೆಸರು ತಪ್ಪಾಗಿ ಬಿತ್ತೆಂದರೆ ಆಮೇಲೆ ತಲೆ ಚಚ್ಚಿಕೊಂಡರೂ ಅಷ್ಟೆ.

ಇವತ್ತು ನಮ್ಮ ಹುಡುಗ ಹುಡುಗಿಯರು ಪ್ರೂಫ್ ಓದದೆ ಸಹಿ ಹಾಕುತ್ತಿರುವುದು ಮದುವೆ ಪತ್ರಿಕೆಗಲ್ಲ. ತಮ್ಮ ಸ್ವಂತ ಮುಖಕ್ಕೆ! ಅದೂ ದೇವನಹಳ್ಳಿಯ ವಿಮಾನ ನಿಲ್ದಾಣದ ಬಾಗಿಲಲ್ಲಿ, ನಗುನಗುತ್ತಾ!

ಹತ್ತು ನಿಮಿಷದ ಲಾಭ

ಕೆಲವು ತಿಂಗಳ ಹಿಂದೆ ಒಂದು ಹಳೆಯ ಆಫ್‌ಸೆಟ್ ಮೆಷಿನ್ ನೋಡಲು ದೆಹಲಿಗೆ ಹೋಗಬೇಕಾಯಿತು. ಜೊತೆಗೆ ನನ್ನ ತಂಗಿಯ ಮಗ. ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಬಾಗಿಲ ಹತ್ತಿರ ಹೋದೊಡನೆ ಅವನು ಪಕ್ಕದ ಇನ್ನೊಂದು ಸಾಲಿಗೆ ಹಾರಿದ.

“ಮಾವ, ನೀವು ಇನ್ನೂ ಆ ಲೈನಲ್ಲೇ ನಿಲ್ತೀರಾ? ಡಿಜಿಯಾತ್ರಾ ಹಾಕ್ಕೊಳ್ಳಿ. ಮುಖ ತೋರಿಸಿದ್ರೆ ಗೇಟು ತಾನಾಗೇ ತೆಗೆಯತ್ತೆ.”

“ನನ್ನ ಮುಖಕ್ಕೆ ನಮ್ಮ ಮನೆ ಬಾಗಿಲೇ ಒಂದೊಂದ್ಸಲ ತೆಗೆಯಲ್ಲ ಕಣೋ. ನೀನು ನಡಿ” ಎಂದೆ.

ಅವನು ಹೋದ. ನಾನು ಟಿಕೆಟ್ಟು, ಗುರುತಿನ ಚೀಟಿ ಹಿಡಿದು ಎಲ್ಲರ ಹಾಗೆ ನಿಂತೆ. ಸಿಐಎಸ್‌ಎಫ್ ಜವಾನ ಚೀಟಿ ನೋಡಿದ, ಮುಖ ನೋಡಿದ, ಬಿಟ್ಟ. ಒಳಗೆ ಚೀಲ ತಪಾಸಣೆಯ ಕಡೆಗೆ ಹೋದರೆ ನಮ್ಮ ಅಳಿಯ ಮಹಾಶಯ ನನಗಿಂತ ಹತ್ತು ಹನ್ನೊಂದು ಜನ ಮುಂದೆ ನಿಂತಿದ್ದಾನೆ! ಯಾಕೆಂದರೆ ಮುಖ ತೋರಿಸಿದರೆ ಬೇಗ ಆಗುವುದು ಬಾಗಿಲು ದಾಟುವ ಕೆಲಸ, ತಪಾಸಣೆಯ ಮುಂಚಿನ ಟಿಕೆಟ್ ಪರಿಶೀಲನೆಯ ಕೆಲಸ. ಚೀಲವನ್ನು ಎಕ್ಸ್‌ರೇ ಮೆಷಿನ್ನಿಗೆ ಹಾಕುವುದು, ಕೈ ಚಾಚಿ ಮೈ ತಡವಿಸಿಕೊಳ್ಳುವುದು ಎಲ್ಲರಿಗೂ ಇದ್ದದ್ದೇ. ಆಮೇಲೆ ಇಬ್ಬರೂ ಒಂದೇ ಕಡೆ ಕೂತು ಒಂದು ಗಂಟೆ ವಿಮಾನಕ್ಕೆ ಕಾದೆವು. ಅವನು ಉಳಿಸಿದ ಹತ್ತು ನಿಮಿಷ ಕಾಫಿ ಲೋಟದಲ್ಲಿ ಕರಗಿಹೋಯಿತು.

ಕೂತಿದ್ದಾಗ ಕೇಳಿದೆ: “ಒಪ್ಪಿಗೆ ಅಂತ ಒತ್ತಿದ್ಯಲ್ಲ, ಅದರಲ್ಲಿ ಏನು ಬರೆದಿತ್ತು, ಓದಿದ್ಯಾ?”

“ಅದನ್ನೆಲ್ಲ ಯಾರು ಓದ್ತಾರೆ ಮಾವ!”

ಈ ಲೇಖನ ಹುಟ್ಟಿದ್ದು ಆ ಒಂದು ಮಾತಿನಿಂದ.

ಇದರ ಒಡೆಯರು ಯಾರು?

ವಿಷಯ ತಿಳಿದುಕೊಂಡೇ ಮಾತಾಡೋಣ. ಡಿಜಿಯಾತ್ರಾ ನೀತಿಯನ್ನು ಕೇಂದ್ರ ವಿಮಾನಯಾನ ಸಚಿವಾಲಯ ಹೊರತಂದದ್ದು 2018ರಲ್ಲಿ. ಜಾರಿಗೆ ಬಂದದ್ದು 2022ರ ಡಿಸೆಂಬರ್ 1ರಂದು. ಮೊದಲ ದಿನವೇ ದೆಹಲಿ, ವಾರಾಣಸಿಯ ಜೊತೆ ನಮ್ಮ ಬೆಂಗಳೂರನ್ನೂ ಸೇರಿಸಿದರು. 2024ರ ಸೆಪ್ಟೆಂಬರ್ ಹೊತ್ತಿಗೆ ದೇಶದ 24 ನಿಲ್ದಾಣಗಳಿಗೆ ಹಬ್ಬಿತು. ದೇಶದೊಳಗಿನ ಪ್ರಯಾಣಕ್ಕೆ ಮಾತ್ರ. ದುಡ್ಡಿಲ್ಲ, ಪುಕ್ಕಟೆ. ಫೋನಿನಲ್ಲಿ ಆ್ಯಪ್ ಹಾಕಿಕೊಂಡು, ಆಧಾರ್ ಮೂಲಕ ಗುರುತು ದೃಢಪಡಿಸಿ, ಒಂದು ಸೆಲ್ಫಿ ತೆಗೆದು, ಬೋರ್ಡಿಂಗ್ ಪಾಸ್ ಸೇರಿಸಿದರೆ ಮುಗಿಯಿತು. ಗೇಟಿನಲ್ಲಿ ಕ್ಯಾಮೆರಾ ನಿಮ್ಮ ಮುಖವನ್ನು ಆ ಚಿತ್ರದ ಜೊತೆ ತಾಳೆ ನೋಡುತ್ತದೆ.

ಹೆಸರು ಕೇಳಿದರೆ ಸರ್ಕಾರಿ ಯೋಜನೆ ಅನ್ನಿಸುತ್ತದೆ. ಆದರೆ ಇದನ್ನು ನಡೆಸುವುದು ಡಿಜಿಯಾತ್ರಾ ಫೌಂಡೇಶನ್ ಎಂಬ ಕಂಪನಿ. ಕಂಪನಿ ಕಾಯ್ದೆಯ 8ನೇ ಕಲಂ ಪ್ರಕಾರ ಹುಟ್ಟಿದ, ಲಾಭಕ್ಕಲ್ಲದ ಸಂಸ್ಥೆ ಎಂಬುದು ನಿಜ. ಆದರೆ ಸರ್ಕಾರಿ ಸಂಸ್ಥೆಯಾದ ವಿಮಾನ ನಿಲ್ದಾಣ ಪ್ರಾಧಿಕಾರದ ಪಾಲು ಅದರಲ್ಲಿ ಶೇಕಡ 26. ಉಳಿದ ಶೇಕಡ 74 ಬೆಂಗಳೂರು, ದೆಹಲಿ, ಹೈದರಾಬಾದ್, ಮುಂಬೈ, ಕೊಚ್ಚಿ ಈ ಐದು ನಿಲ್ದಾಣಗಳ ಕಂಪನಿಗಳ ಕೈಯಲ್ಲಿದೆ. ಹಾಗಾಗಿ ಇದು ‘ಸಾರ್ವಜನಿಕ ಪ್ರಾಧಿಕಾರ’ ಅಲ್ಲವಂತೆ, ಮಾಹಿತಿ ಹಕ್ಕು ಕಾಯ್ದೆ ಇದಕ್ಕೆ ಅನ್ವಯಿಸುವುದಿಲ್ಲವಂತೆ! ನಮ್ಮೂರ ಗ್ರಾಮ ಪಂಚಾಯಿತಿಯ ಬೀದಿ ದೀಪದ ಲೆಕ್ಕವನ್ನು ಹತ್ತು ರೂಪಾಯಿ ಕೊಟ್ಟು ಕೇಳಬಹುದು. ನಮ್ಮ ಮುಖದ ಲೆಕ್ಕ ಕೇಳುವ ಹಾಗಿಲ್ಲ. ಎಂಥ ನ್ಯಾಯ ಸ್ವಾಮಿ ಇದು?

ವೇಸ್ಟ್ ಶೀಟಿನ ಲೆಕ್ಕ

ಅವರು ಹೇಳುವುದನ್ನೂ ಹೇಳಿಬಿಡೋಣ, ಏಕಪಕ್ಷೀಯ ಆಗುವುದು ಬೇಡ. ನಿಮ್ಮ ಮಾಹಿತಿ ನಿಮ್ಮ ಫೋನಿನಲ್ಲೇ ಇರುತ್ತದೆ, ಪ್ರಯಾಣಕ್ಕೆ ಮುಂಚೆ ಹೊರಡುವ ನಿಲ್ದಾಣಕ್ಕೆ ಮಾತ್ರ ಹೋಗುತ್ತದೆ, ವಿಮಾನ ಹೊರಟ 24 ಗಂಟೆಯೊಳಗೆ ಅಲ್ಲಿಂದ ಅಳಿಸಿ ಹಾಕುತ್ತೇವೆ ಎನ್ನುತ್ತಾರೆ. ತೆರಿಗೆ ಇಲಾಖೆ ಈ ಮಾಹಿತಿಯನ್ನು ಬಳಸಿಕೊಳ್ಳುತ್ತದೆ ಎಂದು ಸುದ್ದಿ ಹಬ್ಬಿದಾಗ ಸಚಿವಾಲಯ ಅದನ್ನು ಅಲ್ಲಗಳೆಯಿತು. ಅವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಹೇಳುತ್ತಿಲ್ಲ.

ನಾನು ಕೇಳುತ್ತಿರುವುದು ಪ್ರೆಸ್ಸಿನವನ ಪ್ರಶ್ನೆ. ಶಾಲೆಯವರು ನನ್ನ ಹತ್ತಿರ ಪ್ರಶ್ನೆ ಪತ್ರಿಕೆ ಅಚ್ಚು ಹಾಕಿಸುತ್ತಾರೆ. ಆವತ್ತು ಹೆಡ್‌ಮಾಸ್ತರರು ಮೆಷಿನ್ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತಾರೆ. 500 ಹಾಳೆ ಎಣಿಸಿ ಕೊಡುತ್ತಾರೆ. 470 ಒಳ್ಳೆಯ ಪ್ರತಿ ಬಂದರೆ ಉಳಿದ 30 ವೇಸ್ಟ್ ಶೀಟನ್ನೂ ಎಣಿಸಿ ತೆಗೆದುಕೊಂಡು ಹೋಗುತ್ತಾರೆ. ಪ್ಲೇಟನ್ನು ಅವರ ಎದುರಿಗೇ ಹಾಳು ಮಾಡಬೇಕು. “ಮೇಷ್ಟ್ರೇ, ನೀವು ಮನೆಗೆ ಹೋಗಿ, ನಾಳೆ ನಾನೇ ಅಳಿಸಿ ಹಾಕ್ತೀನಿ” ಎಂದರೆ ಅವರು ಒಪ್ಪುವುದಿಲ್ಲ. ನನ್ನ ಮೇಲೆ ಅಪನಂಬಿಕೆಯೇ? ಅಲ್ಲ. ನಂಬಿಕೆ ಬೇರೆ, ಲೆಕ್ಕ ಬೇರೆ.

ಬರೀ ಒಂದು ಶಾಲೆಯ ಕಿರುಪರೀಕ್ಷೆಗೆ ಇಷ್ಟು ಲೆಕ್ಕ ಇದೆ. ಲಕ್ಷಾಂತರ ಜನರ ಮುಖಕ್ಕೆ? 24 ಗಂಟೆಯಲ್ಲಿ ಅಳಿಸಿದ್ದನ್ನು ಎಣಿಸಿ ನೋಡಿದವರು ಯಾರು? ಆ ವರದಿ ಜನರ ಕೈಗೆ ಯಾಕೆ ಬರಬಾರದು? 2018ರ ನೀತಿ ಪತ್ರದಲ್ಲೇ ಭದ್ರತೆಯ ಅಗತ್ಯ ಬಿದ್ದರೆ ಅಳಿಸುವ ಅವಧಿಯನ್ನು ಬದಲಿಸಲು, ಭದ್ರತಾ ಸಂಸ್ಥೆಗಳಿಗೆ ಮಾಹಿತಿ ಕೊಡಲು ಜಾಗ ಇಟ್ಟಿದ್ದಾರೆ. 2024ರಲ್ಲಿ ಹಳೆಯ ಆ್ಯಪ್ ಅಳಿಸಿ ಹೊಸದನ್ನು ಹಾಕಿಕೊಳ್ಳಿ ಎಂದು ಪ್ರಯಾಣಿಕರಿಗೆ ಹೇಳಿದರು. ಹಳೆಯದನ್ನು ಕಟ್ಟಿದ್ದ ಹೈದರಾಬಾದಿನ ಕಂಪನಿಯ ಹೆಸರು ಆಂಧ್ರದ ಇ-ಚಲನ್ ಹಗರಣದ ಸುದ್ದಿಯಲ್ಲಿ ಕೇಳಿಬಂದಿತ್ತು. ಎಷ್ಟು ಜನ ಪ್ರಯಾಣಿಕರು ಈ ಬದಲಾವಣೆ ಯಾಕೆ ಎಂದು ಕೇಳಿದರು? ಕೇಳಲಿಲ್ಲ. ಹೊಸದನ್ನು ಹಾಕಿಕೊಂಡರು, ಮತ್ತೆ ‘ಒಪ್ಪಿಗೆ’ ಒತ್ತಿದರು!

ದೊಡ್ಡಣ್ಣನ ಮನೆಯ ಕಥೆ

ಅಮೆರಿಕದಲ್ಲಿ ಎಲ್ಲ ಸರಿಯಾಗಿ ನಡೆಯುತ್ತದೆ ಎಂದುಕೊಂಡಿರುವ ಗೆಳೆಯರು ಈ ಕಥೆ ಕೇಳಬೇಕು. ಅಲ್ಲಿ ‘ಕ್ಲಿಯರ್’ ಎಂಬ ಖಾಸಗಿ ಸೇವೆ ಇದೆ. ಸದಸ್ಯರಾಗಿ, ವರ್ಷಕ್ಕಿಷ್ಟು ಅಂತ ದುಡ್ಡು ಕಟ್ಟಿ, ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತು ಕೊಟ್ಟರೆ ತಪಾಸಣೆಯ ಸಾಲಿನ ಮುಂದಕ್ಕೆ ಕರೆದುಕೊಂಡು ಹೋಗಿ ಬಿಡುತ್ತಾರೆ.

2008ರ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಿಲ್ದಾಣದಲ್ಲಿದ್ದ ಈ ಕಂಪನಿಯ ಒಂದು ಲ್ಯಾಪ್‌ಟಾಪ್ ಕಾಣೆಯಾಯಿತು. ಅದರಲ್ಲಿ ಸದಸ್ಯರಾಗಲು ಅರ್ಜಿ ಹಾಕಿದ್ದ ಸುಮಾರು 33,000 ಜನರ ವಿವರ. ಕೊನೆಗೆ ಅದೇ ಕಚೇರಿಯಲ್ಲಿ ಸಿಕ್ಕಿತು, ಅದು ಬೇರೆ ಮಾತು. ಮರುವರ್ಷ, 2009ರ ಜೂನ್ 22ರಂದು, ಸಾಲ ತೀರಿಸಲಾಗದೆ ಕಂಪನಿ ಒಂದೇ ದಿನದಲ್ಲಿ ಬಾಗಿಲು ಮುಚ್ಚಿತು. ಕಟ್ಟಿದ ದುಡ್ಡು ವಾಪಸ್ ಕೊಡಲಾಗುವುದಿಲ್ಲ ಎಂದರು. ದುಡ್ಡು ಹಾಳಾಗಲಿ ಬಿಡಿ. ಬೆರಳಚ್ಚು, ಕಣ್ಣಿನ ಗುರುತು ಇದ್ದವಲ್ಲ, ಅವುಗಳ ಗತಿ? ಮುಳುಗಿದ ಕಂಪನಿಯ ಮೇಜು ಕುರ್ಚಿಗಳ ಜೊತೆ ಅವೂ ಮಾರಾಟವಾಗುತ್ತವೆಯೇ ಎಂದು ಸದಸ್ಯರು ಗಾಬರಿಬಿದ್ದು ಕೋರ್ಟಿಗೆ ಹೋದರು. 2010ರಲ್ಲಿ ಹೊಸ ಒಡೆಯರು ಅದನ್ನು ಕೊಂಡು ಮತ್ತೆ ಶುರು ಮಾಡಿದರು. ಆಮೇಲೆ ಅದರ ಸದಸ್ಯತ್ವ ವರ್ಷಕ್ಕೆ ಹೆಚ್ಚುಕಡಿಮೆ 200 ಡಾಲರಿಗೆ ಏರಿತು.

ದುಡ್ಡಿದ್ದವನು ಸಾಲಿನ ಮುಂದೆ ನುಗ್ಗುವುದು ಅಲ್ಲಿನವರಿಗೂ ಸರಿಬಂದಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ ಇದರ ವಿರುದ್ಧ ಒಂದು ಮಸೂದೆ ಬಂತು. ಈ ಸದಸ್ಯರಿಗೆ ಬೇಕಾದರೆ ಬೇರೆ ಸಾಲು ಮಾಡಿಕೊಳ್ಳಿ, ಕಾದು ನಿಂತ ಜನರ ಮುಂದೆ ತಂದು ನುಗ್ಗಿಸಬೇಡಿ ಎಂಬುದು ಅದರ ತಿರುಳು. ಗಗನಸಖಿಯರ ಸಂಘ ಬೆಂಬಲಿಸಿತು, ದೊಡ್ಡ ವಿಮಾನ ಕಂಪನಿಗಳು ವಿರೋಧಿಸಿದವು. ಮಸೂದೆ ಬಿದ್ದುಹೋಯಿತು. ಯಾರ ಕೈ ಮೇಲಾಯಿತು ಎಂದು ಬಿಡಿಸಿ ಹೇಳಬೇಕೆ?

ನಮ್ಮದು ಪುಕ್ಕಟೆ, ಅಲ್ಲಿಯದಕ್ಕೆ ದುಡ್ಡು. ವ್ಯತ್ಯಾಸ ಅಷ್ಟೇ. ಎರಡೂ ಕಡೆ ಕೊಡುವ ವಸ್ತು ಒಂದೇ. ಪಾಸ್‌ವರ್ಡ್ ಕಳೆದುಹೋದರೆ ಬದಲಾಯಿಸಬಹುದು, ಎಟಿಎಂ ಕಾರ್ಡು ಕಳೆದರೆ ಬ್ಯಾಂಕು ಹೊಸದು ಕೊಡುತ್ತದೆ. ಮುಖ ಕಳೆದುಕೊಂಡರೆ ಹೊಸ ಮುಖ ಯಾವ ಅಂಗಡಿಯಲ್ಲಿ ತರುತ್ತೀರಿ?

“ಮುಚ್ಚಿಡುವುದು ಏನಿದೆ?”

ನಮ್ಮ ಅಳಿಯ ಕೇಳಿದ ಪ್ರಶ್ನೆ ಇದು. ನೀವೂ ಕೇಳುತ್ತೀರಿ. “ಆಧಾರ್‌ಗೆ ಆಗಲೇ ಬೆರಳು ಕೊಟ್ಟಾಯ್ತು, ಕಣ್ಣು ಕೊಟ್ಟಾಯ್ತು. ಇನ್ನು ಮುಚ್ಚಿಡೋಕೆ ಏನಿದೆ ಮಾವ?”

ಮದುವೆ ಪತ್ರಿಕೆಯಲ್ಲಿ ಗುಟ್ಟು ಏನಿರುತ್ತದೆ? ಸಾವಿರ ಜನರಿಗೆ ಹಂಚುವುದಕ್ಕೇ ಅಚ್ಚು ಹಾಕಿಸುತ್ತೀರಿ. ಆದರೆ ನಿಮ್ಮ ಮನೆ ವಿಳಾಸ, ಫೋನ್ ನಂಬರು, ಮದುವೆ ತಾರೀಖು ಎಲ್ಲವನ್ನೂ ನಾನು ಒಂದು ಪಟ್ಟಿ ಮಾಡಿ ಒಡವೆ ಅಂಗಡಿಗೂ ಸಾಲ ಕೊಡುವವರಿಗೂ ಮಾರಿದರೆ ನೀವು ಸುಮ್ಮನಿರುತ್ತೀರಾ? ಪ್ರೆಸ್ಸಿನ ಬಾಗಿಲಿಗೆ ಬಂದು ನನ್ನ ಕುತ್ತಿಗೆಪಟ್ಟಿ ಹಿಡಿಯುತ್ತೀರಿ. ಹಿಡಿಯಲೇಬೇಕು! ಗುಟ್ಟು ಇದೆಯೋ ಇಲ್ಲವೋ ಎಂಬುದು ಪ್ರಶ್ನೆಯಲ್ಲ. ಯಾವುದಕ್ಕೆ ಕೊಟ್ಟೆವೋ ಅದಕ್ಕೇ ಬಳಸಬೇಕು ಎಂಬುದು ಪ್ರಶ್ನೆ.

ಈ ಪ್ರಶ್ನೆಯನ್ನು ದೇಶದ ಮುಂದೆ ಎತ್ತಿ ಹಿಡಿದವರು ಯಾರು ಗೊತ್ತೇ? ದೆಹಲಿಯವರಲ್ಲ, ಮುಂಬೈಯವರಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು! ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು: ಖಾಸಗಿತನ ಪ್ರತಿಯೊಬ್ಬ ಪ್ರಜೆಯ ಮೂಲಭೂತ ಹಕ್ಕು. ಇಡೀ ದೇಶದ ಕಾನೂನು ಪುಸ್ತಕಗಳಲ್ಲಿ ಆ ತೀರ್ಪಿಗೆ ಪುಟ್ಟಸ್ವಾಮಿ ತೀರ್ಪು ಎಂದೇ ಹೆಸರು. 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕ್ರಿಕೆಟ್ ಆಟಗಾರನ ಹುಟ್ಟುಹಬ್ಬಕ್ಕೆ ಸ್ಟೇಟಸ್ ಹಾಕುವ ನಮ್ಮ ಹುಡುಗರಲ್ಲಿ ಎಷ್ಟು ಮಂದಿಗೆ ಆವತ್ತು ಈ ಹಿರಿಯರ ನೆನಪಾಯಿತು? ಅವರು ಇಳಿವಯಸ್ಸಿನಲ್ಲಿ ಗೆದ್ದು ಕೊಟ್ಟ ಹಕ್ಕನ್ನು ನಾವು ಹತ್ತು ನಿಮಿಷಕ್ಕೆ ಬಿಟ್ಟುಕೊಡಬೇಕೆ?

ಕನ್ನಡದಲ್ಲಿ ಓದದ ಒಪ್ಪಿಗೆ ಒಪ್ಪಿಗೆಯೇ?

ಇಲ್ಲಿ ನಮ್ಮ ಭಾಷೆಯ ಮಾತು ಬರುತ್ತದೆ. ಅಭಿಮಾನಕ್ಕೆ ಹೇಳುವ ಮಾತಲ್ಲ ಇದು, ಕಾನೂನಿನ ಮಾತು. 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಮಾಡಿತು. ಒಪ್ಪಿಗೆ ಕೇಳುವಾಗ ಸ್ಪಷ್ಟವಾದ ಸರಳ ಭಾಷೆಯಲ್ಲಿ ಕೇಳಬೇಕು, ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದಿಕೊಳ್ಳುವ ಅವಕಾಶ ಕೊಡಬೇಕು ಎಂದು ಅದರಲ್ಲಿ ಬರೆದಿದೆ. ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ನಮ್ಮ ಕನ್ನಡವೂ ಒಂದು. 2025ರ ನವೆಂಬರ್‌ನಲ್ಲಿ ನಿಯಮಗಳು ಹೊರಬಂದವು. ಮುಖ್ಯ ಕಲಂಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಗಡುವು ಇಟ್ಟಿದ್ದಾರೆ. ಗಡುವು ಮುಗಿಯುವ ತನಕ ನಾವು ಕೈಕಟ್ಟಿ ಕೂರಬೇಕಿಲ್ಲ. ಈಗಲೇ ಕೇಳಲು ಶುರು ಮಾಡಬೇಕು.

ಅಳಿಯನ ಫೋನಿನಲ್ಲಿ ನಾನು ಕಂಡದ್ದು ಇಂಗ್ಲಿಷಿನ ಮಾರುದ್ದ ಪಠ್ಯ. ಅವನೂ ಓದಿಲ್ಲ, ನನಗೂ ಪೂರ್ತಿ ಅರ್ಥವಾಗಲಿಲ್ಲ. ಒಂದು ಮಾತು ನೆನಪಿಡಿ: ಗುಂಡಿಗಳ ಮೇಲೆ ‘ಮುಂದೆ’, ‘ಹಿಂದೆ’, ‘ಒಪ್ಪಿಗೆ’ ಎಂದು ಕನ್ನಡ ಅಂಟಿಸಿದರೆ ಅದು ಕನ್ನಡವಲ್ಲ. ಹೊರಗೆ ಕನ್ನಡದ ಬೋರ್ಡು, ಒಳಗೆ ಇಂಗ್ಲಿಷಿನ ಕರಾರು ಪತ್ರ ಇದ್ದರೆ ಮೊದಲು ಮೋಸ ಹೋಗುವವನು ಕನ್ನಡಿಗನೇ. ಸಾಲ ತೀರಿಸದವನ ಹೊಲಕ್ಕೆ ಹರಾಜು ನೋಟೀಸು ಬರುವುದು ಹೀಗೇ. ಎಲ್ಲೋ ಒಂದು ಕಡೆ ಓದಲಾಗದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿರುತ್ತಾನೆ. ಆ ಹೆಬ್ಬೆಟ್ಟಿನ ಜಾಗಕ್ಕೆ ಈಗ ಸೆಲ್ಫಿ ಬಂದಿದೆ. ಓದದೆ ಹೆಬ್ಬೆಟ್ಟು ಒತ್ತಿದ ಅಜ್ಜನನ್ನು ನೋಡಿ ನಗುವ ಮೊಮ್ಮಗ, ಓದದೆ ಸೆಲ್ಫಿ ಕೊಡುತ್ತಾನೆ!

ಇವತ್ತು ಐಚ್ಛಿಕ, ನಾಳೆ?

“ಬೇಡದವರು ಬಿಡಲಿ, ಬಲವಂತ ಇಲ್ಲವಲ್ಲ” ಎನ್ನುತ್ತೀರಿ. ಹೌದು, ಡಿಜಿಯಾತ್ರಾ ಐಚ್ಛಿಕ ಎಂದು ಸರ್ಕಾರವೇ ಹೇಳಿದೆ. ಕೇಳದೆಯೇ ಮುಖದ ಚಿತ್ರ ತೆಗೆಯುತ್ತಾರೆ ಎಂಬ ದೂರುಗಳು ದೇಶದಲ್ಲಿ ಎದ್ದಾಗಲೂ ಅದನ್ನೇ ಹೇಳಿತು.

ಆದರೆ ಹೆದ್ದಾರಿಯ ಫಾಸ್ಟ್ಯಾಗ್ ನೆನಪಿದೆಯೇ? ಅದು ಮೊದಲು ಬಂದದ್ದೂ ಬೇಗ ಹೋಗಬೇಕೆನ್ನುವವರ ಸೌಕರ್ಯವಾಗಿ. ಟೋಲ್‌ನಲ್ಲಿ ಅದಕ್ಕೊಂದು ಸಾಲು, ಉಳಿದವರಿಗೆ ಬೇರೆ ಸಾಲು. ಒಂದೊಂದಾಗಿ ಸಾಲುಗಳು ಅದರ ಪಾಲಾದವು. 2021ರ ಫೆಬ್ರವರಿಯಲ್ಲಿ ಅದು ಎಲ್ಲ ಸಾಲಿಗೂ ಕಡ್ಡಾಯವಾಯಿತು, ಇಲ್ಲದವನು ಎರಡು ಪಟ್ಟು ಸುಂಕ ಕೊಡಬೇಕಾಯಿತು. ಗಾಡಿಯ ಗಾಜಿಗೆ ಅಂಟಿಸುವ ಚೀಟಿಗೆ ಇಷ್ಟಾದರೆ ಸಹಿಸಬಹುದು. ಮುಖಕ್ಕೆ ಆಗಬಾರದು.

ಎಲ್ಲರೂ ಬೇಗದ ಸಾಲಿಗೆ ಹಾರಿದರೆ ಮಾಮೂಲಿ ಸಾಲಿನಲ್ಲಿ ಉಳಿಯುವವರು ಯಾರು? ಸ್ಮಾರ್ಟ್‌ಫೋನ್ ಇಲ್ಲದ ಅಜ್ಜಿ, ಮೊದಲ ಸಲ ವಿಮಾನ ಹತ್ತುವ ಗಾರೆ ಕೆಲಸದವನು, ನನ್ನಂಥ ಹಟಮಾರಿ. ಆಗ ಮೂರು ಬಾಗಿಲಿದ್ದ ಕಡೆ ಒಂದು ಮಾಡುವುದು ಸುಲಭ. ನೀವು ಮಾಮೂಲಿ ಸಾಲಿನಲ್ಲಿ ನಿಂತರೆ ಅದು ಬರೀ ನಿಮ್ಮ ಮುಖದ ರಕ್ಷಣೆಯಲ್ಲ, ಆ ಅಜ್ಜಿಯ ಬಾಗಿಲಿನ ರಕ್ಷಣೆ.

ನಮ್ಮ ಒತ್ತಾಯ

ಕೇಳುವುದಕ್ಕೆ ನಮಗೆ ಹಕ್ಕಿದೆಯೇ? ಖಂಡಿತ ಇದೆ. ಬೆಂಗಳೂರು ವಿಮಾನ ನಿಲ್ದಾಣದ ಕಂಪನಿಯಲ್ಲಿ ಕರ್ನಾಟಕ ಸರ್ಕಾರದ ಪಾಲು ಶೇಕಡ 13. ಆ ಕಂಪನಿಗೆ ಡಿಜಿಯಾತ್ರಾ ಫೌಂಡೇಶನ್ನಿನಲ್ಲಿ ಪಾಲಿದೆ. ಅಂದರೆ ನಮ್ಮ ವಿಧಾನಸೌಧಕ್ಕೆ ಈ ಮನೆಯಲ್ಲಿ ಒಂದು ಕುರ್ಚಿ ಇದೆ. ಕುರ್ಚಿಯಲ್ಲಿ ಕೂತವರು ಬಾಯಿ ಬಿಡಬೇಕು. ನಮ್ಮ ಶಾಸಕರು ಸದನದಲ್ಲಿ ಈ ಐದು ಮಾತು ಕೇಳಲಿ:

ಒಂದು: ಒಪ್ಪಿಗೆ ಪತ್ರ, ಷರತ್ತುಗಳು, ದೂರು ಕೊಡುವ ದಾರಿ, ಎಲ್ಲವೂ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಸರಳ ಕನ್ನಡದಲ್ಲಿ ಇರಬೇಕು.

ಎರಡು: ಮಾಹಿತಿ ಅಳಿಸಿದ್ದಕ್ಕೆ ಹೊರಗಿನವರಿಂದ ತಪಾಸಣೆಯಾಗಬೇಕು. ಆ ವರದಿ ವರ್ಷ ವರ್ಷ ಜನರ ಮುಂದೆ ಬರಬೇಕು.

ಮೂರು: ಜನರ ಮುಖ ಇಟ್ಟುಕೊಳ್ಳುವ ಸಂಸ್ಥೆ ಮಾಹಿತಿ ಹಕ್ಕು ಕಾಯ್ದೆಗೆ ಒಳಪಡಬೇಕು.

ನಾಲ್ಕು: ಗುರುತಿನ ಚೀಟಿ ತೋರಿಸಿ ಹೋಗುವ ಮಾಮೂಲಿ ಸಾಲು ಯಾವತ್ತೂ ಇರಬೇಕು. ಅದಕ್ಕೆ ದಂಡವಾಗಲಿ, ಹೆಚ್ಚಿನ ಶುಲ್ಕವಾಗಲಿ ಬೀಳಬಾರದು.

ಐದು: ಬಾಗಿಲಲ್ಲಿ ನಿಂತ ಸಿಬ್ಬಂದಿ ಕನ್ನಡದಲ್ಲಿ ಕೇಳಬೇಕು. ‘ಬೇಡ’ ಎಂದರೆ ಬೇಡ ಎಂದೇ ತಿಳಿಯಬೇಕು.

ಇಷ್ಟು ಆದ ದಿನ ನಾನೂ ನನ್ನ ಮುಖ ತೋರಿಸುತ್ತೇನೆ. ತಂತ್ರಜ್ಞಾನದ ವೈರಿ ನಾನಲ್ಲ. ವೈರಿಯಾಗಿದ್ದರೆ ಅಪ್ಪನ ಟ್ರೆಡಲ್ ಮೆಷಿನ್ ಮಾರಿ ಆಫ್‌ಸೆಟ್ ತರುತ್ತಿರಲಿಲ್ಲ.

ಅಲ್ಲಿಯವರೆಗೆ, ತಮ್ಮಂದಿರೇ, ತಂಗಿಯರೇ, ಮುಂದಿನ ಸಲ ಆ ಬಾಗಿಲಲ್ಲಿ ನಿಂತಾಗ ಫೋನು ಜೇಬಿನಲ್ಲೇ ಇರಲಿ. ಗುರುತಿನ ಚೀಟಿ ಕೈಯಲ್ಲಿರಲಿ. ಹತ್ತು ನಿಮಿಷ ಮುಂಚೆ ಮನೆ ಬಿಡಿ. ಯಾರಾದರೂ “ಈ ಕಡೆ ಬನ್ನಿ, ಬೇಗ ಆಗತ್ತೆ” ಎಂದರೆ, “ಮೊದಲು ಪ್ರೂಫ್ ಕೊಡಿ, ಕನ್ನಡದಲ್ಲಿ ಓದಿ ಆಮೇಲೆ ಹೇಳ್ತೀನಿ” ಎನ್ನಿ.

ದೆಹಲಿಯಿಂದ ಬರುವಾಗ ನಮ್ಮ ಅಳಿಯ ನನ್ನ ಸಾಲಿನಲ್ಲೇ ನಿಂತ. ಹನ್ನೆರಡು ನಿಮಿಷ ಆಯಿತು. ವಿಮಾನವೇನೂ ನಮ್ಮನ್ನು ಬಿಟ್ಟು ಹಾರಲಿಲ್ಲ.